ಗಂಡಿಗೂ 3.2, ಹೆಣ್ಣಿಗೂ 3.2 ಅಂತೆ!

ಕೇಂದ್ರದ ಅಂಕಿಅಂಶ ಕಚೇರಿ 2023-24ರ ದುಡಿಮೆಯ ಲೆಕ್ಕ ಕೊಟ್ಟಿದೆ. ದೇಶದಲ್ಲಿ ಹದಿನೈದು ವರ್ಷ ತುಂಬಿದ ಗಂಡಸರ ನಿರುದ್ಯೋಗ ನೂರಕ್ಕೆ 3.2. ಹೆಂಗಸರದ್ದೂ 3.2. ಇವನ್ನು ಎರಡು ಕಂಬ ಮಾಡಿ ಗೋಡೆಗೆ ಬರೆದರೆ ಎರಡೂ ಒಂದೇ ಎತ್ತರ. ಭಾಷಣಕ್ಕೆ ಅಷ್ಟು ಸಾಕು. ನೋಡಿದವರು ಸಮಾನತೆ ಬಂದೇಬಿಡ್ತು ಅಂತ ಚಪ್ಪಾಳೆ ತಟ್ಟಬೇಕು.

ಆದರೆ ಸ್ವಾಮಿ, ಈ 3.2 ಯಾರ ಪೈಕಿ? ಮರ್ಮ ಇರೋದು ಇಲ್ಲೇ. ಒಟ್ಟು ಹೆಂಗಸರ ಪೈಕಿ ಅಲ್ಲ. ಕೆಲಸದಲ್ಲಿರುವವರು, ಕೆಲಸ ಬೇಕು ಅನ್ನುವವರು, ಇಷ್ಟೇ ಜನರ ಪೈಕಿ. ಅಲೆದು ಅಲೆದು ಸಾಕಾಗಿ ಕೆಲಸದ ಮಾತೇ ಬಿಟ್ಟವಳು, ಕೂಸನ್ನು ಬಿಡಲು ಜಾಗವಿಲ್ಲದೆ ಆಸೆ ಕೈಬಿಟ್ಟವಳು ಈ ಲೆಕ್ಕಕ್ಕೆ ನಿರುದ್ಯೋಗಿಯೇ ಅಲ್ಲ!

ಅದೇ ಅಂಕಿಯನ್ನು ಬೇರೆ ಥರ ಬರೆದು ನೋಡಿ. ನೂರು ಗಂಡಸರಿಗೆ ನೂರು ಚುಕ್ಕಿ, ನೂರು ಹೆಂಗಸರಿಗೆ ನೂರು ಚುಕ್ಕಿ. ಗಂಡಸರಲ್ಲಿ ಸುಮಾರು 76 ಚುಕ್ಕಿ ದುಡಿಮೆಯಲ್ಲಿ, ಎರಡೋ ಮೂರೋ ಹುಡುಕಾಟದಲ್ಲಿ, 21 ಹೊರಗೆ. ಹೆಂಗಸರಲ್ಲಿ ದುಡಿಮೆಯಲ್ಲಿರುವುದು 40, ಹುಡುಕಾಟದಲ್ಲಿ ಒಂದು ಚಿಲ್ಲರೆ, 58 ಚುಕ್ಕಿ ಹೊರಗೇ! ಅದರಲ್ಲಿ ಓದುವ ಹುಡುಗಿಯರು, ವಯಸ್ಸಾದ ಅಜ್ಜಿಯರು ಇದ್ದಾರೆ, ಒಪ್ಪೋಣ. ಗಂಡಸರ 21ರಲ್ಲೂ ಹುಡುಗರು, ಅಜ್ಜಂದಿರು ಇದ್ದಾರಲ್ಲ?

ಇನ್ನು ಆ 40ರ ಕಥೆ. ಅಂಗಡಿಯವರೇ, ನೀವು ಮಂಡಿಗೆ ಹೋದಾಗ ಗಲ್ಲಾಪೆಟ್ಟಿಗೆ ಮುಂದೆ ಕೂರುವ ನಿಮ್ಮ ಮನೆಯಾಕೆ ಇದ್ದಾರಲ್ಲ, ಅವರೂ ಲೆಕ್ಕದಲ್ಲಿ ಉದ್ಯೋಗಸ್ಥೆ. ಸಂಬಳ ಸೊನ್ನೆ. ದುಡಿಯುವ ಹೆಂಗಸರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿ ಹೀಗೆ ಮನೆಯ ವ್ಯಾಪಾರಕ್ಕೋ ಹೊಲಕ್ಕೋ ಪುಕ್ಕಟೆ ಕೈಗೂಡಿಸುವವರು.

2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟಿಗೆ ಕಾಸಿಲ್ಲ. ಒಳ್ಳೆಯದೇ. ಬಸ್ಸಿಳಿದ ಮೇಲೆ ಕೆಲಸ ಎಷ್ಟು ಜನಕ್ಕೆ ಸಿಕ್ಕಿದೆ ಅನ್ನೋದನ್ನೂ ಜನಕ್ಕೆ ಕಾಣೋ ಹಾಗೆ ಹೇಳಬೇಕು. 2025ರ ಜನವರಿಯಿಂದ ಈ ಸಮೀಕ್ಷೆಯ ಮಾದರಿಯನ್ನು ಜಿಲ್ಲೆಯನ್ನೇ ಆಧಾರ ಮಾಡಿಕೊಂಡು ಆರಿಸುತ್ತಿದ್ದಾರೆ. ಹಾಗಿದ್ದಮೇಲೆ ನಮ್ಮ ಜಿಲ್ಲೆಯ ಅಂಕಿ ತರಿಸಿಕೊಂಡು, ಇನ್ನೂರು ಚುಕ್ಕಿ ಬರೆಸಿ, ಬಸ್ ಸ್ಟ್ಯಾಂಡಿನ ಗೋಡೆಗೆ ಹಾಕಿಸುವುದು ಜಿಲ್ಲಾಡಳಿತಕ್ಕೆ ಭಾರವೇನಲ್ಲ. ಸಂಬಳವಿಲ್ಲದೆ ದುಡಿಯುವವರ ಚುಕ್ಕಿಗೆ ಬೇರೆ ಬಣ್ಣ ಇರಲಿ. ಗೋಡೆಯಲ್ಲಿ ಜಾಗವಿಲ್ಲ ಅನ್ನಬೇಡಿ, ನಾಯಕರ ಹುಟ್ಟುಹಬ್ಬದ ಫ್ಲೆಕ್ಸನ್ನು ಒಂದು ವಾರ ಇಳಿಸಿದರೆ ಆಯ್ತು.