ಗಂಡನ ಕುಡಿತಕ್ಕೆ ಹೆಂಡತಿಯ ಉಪವಾಸವೇಕೆ?

ಗಂಡ ಕುಡಿತ ಬಿಟ್ಟರೆ ಹೆಂಡತಿಯ ಪುಣ್ಯ. ಬಿಡದಿದ್ದರೆ ಅವಳ ಕರ್ಮ. ಕುಂಚಾವರಂ ಕಾಡಂಚಿನ ತಾಂಡಾಗಳಿಂದ ಹಿಡಿದು ಶಹಾಬಾದಿನ ಕಲ್ಲುಗಣಿ ಕಾರ್ಮಿಕರ ಓಣಿಗಳವರೆಗೆ ಈ ಮಾತು ಕೇಳದ ಹೆಣ್ಣುಮಗಳು ಸಿಗುವುದು ಕಷ್ಟ. ಕುಡಿಯುವವನು ಅವನು, ಹರಕೆ ಹೊರುವವಳು, ಸೋಮವಾರ ಉಪವಾಸ ಇರುವವಳು, ತಾಯತ ಕಟ್ಟಿಸಿಕೊಂಡು ಬರುವವಳು ಇವಳು. ಇದಕ್ಕೆ ಅಧ್ಯಾತ್ಮವೆಂಬ ದೊಡ್ಡ ಹೆಸರು ಬೇರೆ. ನನ್ನ ಪ್ರಕಾರ ಇದು ಬಿಟ್ಟಿ ಚಾಕರಿ.

ಕುಡಿತ ಬಿಡಲು ಅಧ್ಯಾತ್ಮ ಬೇಡವೆಂದು ನಾನು ಹೇಳುತ್ತಿಲ್ಲ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ 12 ಮೆಟ್ಟಿಲುಗಳಲ್ಲಿ ಮೊದಲನೆಯದು, ಮದ್ಯದ ಮುಂದೆ ತಾನು ಅಸಹಾಯಕನೆಂದು ಒಪ್ಪಿಕೊಳ್ಳುವುದು. ‘ನನ್ನನ್ನು ಯಾರು ಕೇಳುವವರು’ ಎಂದು ಮೆರೆದ ಎಷ್ಟೋ ಗಂಡಸರನ್ನು ಆ ಒಪ್ಪಿಗೆ ಉಳಿಸಿದೆ. ಆದರೆ ತಾನೇ ಕುಡಿತಕ್ಕೆ ಸಿಕ್ಕಿ ನರಳಿದ್ದ ಜೀನ್ ಕರ್ಕ್‌ಪ್ಯಾಟ್ರಿಕ್‌ಗೆ ಅದು ಸಾಲಲಿಲ್ಲ. 1975ರಲ್ಲಿ ಆಕೆ ಹೆಂಗಸರಿಗೆಂದೇ ‘ವಿಮೆನ್ ಫಾರ್ ಸೊಬ್ರೈಟಿ’ ಕಟ್ಟಿದಳು. ಹುಟ್ಟಿದಾಗಿನಿಂದ ತಲೆ ತಗ್ಗಿಸಿಯೇ ಬದುಕಿದವಳಿಗೆ ಇನ್ನಷ್ಟು ತಗ್ಗು ಎಂದರೆ ಗುಣವಾದೀತೇ? ಅವಳಿಗೆ ಬೇಕಾದದ್ದು ತನ್ನ ಮೇಲಿನ ನಂಬಿಕೆ.

ಇದನ್ನು ಕಲಿಯಲು ಅಮೆರಿಕಕ್ಕೇ ಹೋಗಬೇಕಿಲ್ಲ. ಗಂಡ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮ ಅವನ ಬುದ್ಧಿ ತಿದ್ದಲೆಂದು ಉಪವಾಸ ಕೂರಲಿಲ್ಲ. ಅಲ್ಲೇ ಸುರಿದು ಬಾ ಎಂದು ಅವನನ್ನೇ ಕಳಿಸಿದಳು. ಅದು ಶರಣೆಯ ಅಧ್ಯಾತ್ಮ. ತಪ್ಪು ಯಾರದೋ ಹೊರೆಯೂ ಅವರದೇ.

ಅದೇ ಕಲ್ಯಾಣದಲ್ಲಿ ಹೆಂಡ ಮಾರುವ ಮಾರಯ್ಯನೂ ಶರಣನಾದ. ಇಂದು ನಮ್ಮ ಮದ್ಯವರ್ಜನ ಶಿಬಿರಗಳನ್ನು ನೋಡಿ: ಸಾಮಾನ್ಯವಾಗಿ ಎಲ್ಲವೂ ಗಂಡಸರಿಗೇ. ದಿನವಿಡೀ ಮೈಮುರಿದು ದುಡಿದು, ನೋವು ಮರೆಯಲು ಗುಟುಕು ಹಾಕುವ ಹೆಂಗಸು ಎಲ್ಲಿಗೆ ಹೋಗಬೇಕು? ಅವಳು ಕುಡಿದರೆ ರೋಗವಲ್ಲ, ನಡತೆಗೇಡು!

2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು. ಪ್ಯಾಕೆಟ್ಟು ಹೋಗಿ ಬಾಟಲಿ ಬಂತು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಆ ನಡಿಗೆ ನನಗೆ ಯಾವ ಪಾದಯಾತ್ರೆಗೂ ಕಡಿಮೆಯದಲ್ಲ. ಹರಕೆ ಹೊತ್ತು ಮೂಲೆಯಲ್ಲಿ ಕೂತವರು ಅಂದು ಹಕ್ಕು ಕೇಳುತ್ತ ಬೀದಿಗೆ ಬಂದಿದ್ದರು.

ಆದ್ದರಿಂದ ಶಿಬಿರ ನಡೆಸುವವರಿಗೆ, ಮಠಗಳಿಗೆ ನನ್ನ ಮಾತು ಇಷ್ಟೇ: ಗಂಡನನ್ನು ಕಾಯುವ ಕೆಲಸ ಹೆಂಡತಿಗೆ ಹಚ್ಚಬೇಡಿ. ಕುಡಿಯುವ ಹೆಣ್ಣಿಗೂ ಒಂದು ಚಾಪೆ ಹಾಸಿ, ಗಂಡನ ಅಪ್ಪಣೆ ಕೇಳದೆ. ಇನ್ನು ಅಕ್ಕಾ, ಈ ಸೋಮವಾರ ನೀನು ಹೊಟ್ಟೆತುಂಬ ಉಣ್ಣು. ಉಪವಾಸ ಬೇಕಿದ್ದರೆ ಕುಡಿದವನು ಮಾಡಲಿ.