ಜಂತಿನ ಜೀನಿಗೂ ಕತ್ತರಿ
ಮಳೆ ಹಿಂದೆ ಸರಿದ ಮೇಲೆ ಕುರಿ ಸೊರಗಿದರೆ ಅದರ ಕೆಳರೆಪ್ಪೆ ಜಗ್ಗಿ ನೋಡಿ. ಒಳಗೆ ಬೆಳ್ಳಗಿದ್ದು, ಗದ್ದದಡಿ ನೀರುಬಾವು ಇಳಿದಿದ್ದರೆ ರಕ್ತ ಹೀರುವ ಹಿಮಾಂಕಸ್ ಜಂತಿನ ಮೇಲೆಯೇ ಮೊದಲ ಅನುಮಾನ. ಔಷಧ ಕುಡಿಸಿದರೂ ಕೆಲವು ಸಲ ಅದು ಸಾಯದಿರುವುದೇಕೆ? ಅಲ್ಬೆಂಡಜೋಲ್ ಅಂಟಿಕೊಳ್ಳುವ ಟ್ಯೂಬುಲಿನ್ ಪ್ರೋಟೀನಿನ 200ನೇ ಅಮೈನೋ ಆಮ್ಲವೊಂದು ಬದಲಾದರೂ ಸಾಕು, ಔಷಧದ ಆಟ ನಡೆಯದು. ಮಣ್ಣಿನಲ್ಲಿ ಬದುಕುವ, 1 ಮಿಲಿಮೀಟರ್ ಉದ್ದದ ಸಿ. ಎಲೆಗನ್ಸ್ ಹುಳದ ಜೀನಿನಲ್ಲಿ ಕ್ರಿಸ್ಪರ್ ಎಂಬ ಜೀನ್ ಕತ್ತರಿ ಬಳಸಿ ಇದೇ ಬದಲಾವಣೆ ತಂದಾಗ ಅದೂ ಔಷಧಕ್ಕೆ ಬಗ್ಗಲಿಲ್ಲ. ಹೊಟ್ಟೆಯೊಳಗೇ ಬೆಳೆಯುವ ಜಂತುಗಳಲ್ಲಿ ಈ ಕೆಲಸ ಬಲು ಕಷ್ಟ. ಆದರೆ ಸ್ಟ್ರಾಂಜಿಲಾಯ್ಡಿಸ್ ಎಂಬ ಜಂತು ಒಂದು ತಲೆಮಾರು ಹೊರಗೆ ಮಣ್ಣಲ್ಲಿ ಕಳೆಯುತ್ತದೆ. ಆಗ ಹೆಣ್ಣುಹುಳದ ಅಂಡಾಶಯಕ್ಕೆ ಸೂಕ್ಷ್ಮ ಸೂಜಿಯಿಂದ ಕ್ರಿಸ್ಪರ್ ಚುಚ್ಚಬಹುದು. 2017ರಲ್ಲಿ ಲಾಸ್ ಏಂಜಲೀಸ್‌ನ ವಿಜ್ಞಾನಿ ಎಲಿಸ್ಸಾ ಹ್ಯಾಲೆಮ್ ತಂಡ ಹೀಗೆಯೇ ಅದರ ಸ್ನಾಯುವಿನ ಜೀನೊಂದನ್ನು ಕೆಡಿಸಿತು. ಮರಿಗಳು ನಿಕೋಟಿನ್‌ನಲ್ಲಿ (ಹೌದು, ನಿಪ್ಪಾಣಿ ತಂಬಾಕಿನಲ್ಲಿರುವುದೇ) ಎಡೆಬಿಡದೆ ನಡುಗಿದವು. ಇದರಿಂದ ಹೊಸ ಔಷಧ ನಾಳೆಯೇ ಸವದತ್ತಿ, ರಾಮದುರ್ಗದ ಅಂಗಡಿಗೆ ಬರುವುದಿಲ್ಲ. ಆದ್ದರಿಂದ ಬೈಲಹೊಂಗಲ, ಕಿತ್ತೂರು ಸೀಮೆಯ ಕುರಿಗಾರರೂ ಸೇರಿ ಎಲ್ಲರಲ್ಲಿ ಒಂದು ವಿನಂತಿ: ಅಂದಾಜಿನ ಮೇಲೆ ಔಷಧ ಕುಡಿಸಬೇಡಿ, ಕುರಿಯ ತೂಕ ನೋಡಿ ಪೂರ್ತಿ ಪ್ರಮಾಣ ಕೊಡಿ, ಯಾವ ಔಷಧವೆಂದು ಪಶುವೈದ್ಯರನ್ನು ಕೇಳಿ.