ಒಂದು ಸ್ಕಾರ್ಫು ಮತ್ತು ನಮ್ಮ ಲ್ಯಾಬ್ ರೆಕಾರ್ಡು

ಕ್ಯಾಂಟೀನಿನ ಮೂಲೆ ಟೇಬಲ್ಲಿನಲ್ಲಿ ಎರಡು ಉದ್ದದ ಸೂಜಿ, ಒಂದು ಉಂಡೆ ನೀಲಿ ಉಣ್ಣೆ ಇಟ್ಕೊಂಡು ಕೂತಿದ್ದ ಮೂರು ಜನರನ್ನು ನೀವು ಈ ಸೆಮಿಸ್ಟರಿನಲ್ಲಿ ನೋಡಿರಬಹುದು. ಅದು ನಾವೇ. ಇ.ಸಿ. ವಿಭಾಗ, ಮೂರನೇ ಸೆಮ್, ಇಬ್ಬರು ಹುಡುಗರು, ಒಬ್ಬಳು ಹುಡುಗಿ. ನೋಡಿದವರೆಲ್ಲ ಕೇಳಿದ ಮೊದಲ ಪ್ರಶ್ನೆ, "ಯಾರಿಗ್ರೋ ಮಗು?" ಎರಡನೇ ಪ್ರಶ್ನೆ, "ಬೆಂಗಳೂರಲ್ಲಿ ಸ್ಕಾರ್ಫ್ ಹಾಕ್ಕೊಳ್ಳೋಷ್ಟು ಚಳಿ ಎಲ್ಲಿದೆ?" ಮೂರನೆಯದು ನಮ್ಮ ಕ್ಯಾಂಪಸ್ಸಿನ ರಾಷ್ಟ್ರೀಯ ಪ್ರಶ್ನೆ, "ಇದರಿಂದ ಪ್ಲೇಸ್‌ಮೆಂಟಿಗೆ ಏನು ಉಪಯೋಗ?"

ಮೊದಲನೆಯದಕ್ಕೆ ಉತ್ತರ, ಯಾರಿಗೂ ಇಲ್ಲ. ಎರಡನೆಯದಕ್ಕೆ, ಡಿಸೆಂಬರಿನಲ್ಲಿ ಬೆಳಿಗ್ಗೆ ಆರಕ್ಕೆ ಊರಿಂದ ಬಸ್ಸಲ್ಲಿ ಬಂದು ಇಳಿದು ನೋಡಿ. ಮೂರನೆಯದಕ್ಕೆ ಉತ್ತರವಾಗಿ ಈ ಲೇಖನ. ರೆಸ್ಯೂಮೆಯಲ್ಲಿ ಹಾಕೋಕೆ ಆಗಲ್ಲ. ಆದರೆ ನಾವು ಎಂಜಿನಿಯರಿಂಗ್ ಸೇರಿ ಒಂದೂವರೆ ವರ್ಷದಲ್ಲಿ ಕಲಿಯದ ಒಂದು ವಿಷಯವನ್ನು ಈ ಸ್ಕಾರ್ಫು ಕಲಿಸಿತು ಅಂತ ನಮ್ಮ ಅಭಿಪ್ರಾಯ. ಅದನ್ನ ಹೇಳೋಕೆ ನಮ್ಮ ಮಾನವನ್ನೂ ಸ್ವಲ್ಪ ಹರಾಜು ಹಾಕಬೇಕಾಗುತ್ತದೆ. ಪರವಾಗಿಲ್ಲ.

ಶುರುವಾಗಿದ್ದು ಹೀಗೆ. ನಮ್ಮಲ್ಲೊಬ್ಬಳು ದಸರಾ ರಜೆಗೆ ಶಿರಸಿ ಕಡೆ ಅಜ್ಜಿ ಮನೆಗೆ ಹೋದಾಗ ಟ್ರಂಕಿನಲ್ಲಿ ಒಂದು ಜೊತೆ ಅಲ್ಯೂಮಿನಿಯಂ ಸೂಜಿ ಸಿಕ್ಕಿತು. 5 ಮಿಲಿಮೀಟರಿನದ್ದು. ಉಳಿದ ಇಬ್ಬರು ಮೆಟ್ರೋ ಹತ್ತಿ ಚಿಕ್ಕಪೇಟೆಗೆ ಹೋಗಿ ಸುಮಾರು 200 ಗ್ರಾಂ ಅಕ್ರಿಲಿಕ್ ಉಣ್ಣೆ ತಂದೆವು. ಅಂಗಡಿಯವರು "ಯಾರಿಗೆ, ಅಮ್ಮಂಗಾ?" ಅಂದರು. "ನಮಗೇ" ಅಂದಾಗ ಒಂದು ಸಲ ಮೇಲಿಂದ ಕೆಳಗೆ ನೋಡಿ ಬಿಲ್ ಕೊಟ್ಟರು. ಒಂದೇ ಸ್ಕಾರ್ಫು, ಮೂರು ಜನ, ಸರದಿ ಪ್ರಕಾರ ಹೆಣೆಯೋದು ಅಂತ ಒಪ್ಪಂದವಾಯಿತು.

ಎಂಜಿನಿಯರುಗಳಲ್ವಾ, ಮೊದಲು ಎಸ್ಟಿಮೇಟ್ ಹಾಕಿದೆವು. ಅಗಲಕ್ಕೆ 30 ಕುಣಿಕೆ, ಅಂದರೆ ಸುಮಾರು 18 ಸೆಂಟಿಮೀಟರ್. ಉದ್ದ ಒಂದೂವರೆ ಮೀಟರ್. ಒಂದು ಪುಟ್ಟ ಮಾದರಿ ತುಂಡು ಹೆಣೆದು ಅಳೆದಾಗ 10 ಸೆಂಟಿಮೀಟರಿಗೆ 33 ಸಾಲು ಬಂತು. ಹಾಗಾದರೆ ಒಟ್ಟು ಸುಮಾರು 500 ಸಾಲು, ಹತ್ತಿರ ಹತ್ತಿರ 15,000 ಕುಣಿಕೆ. ನಿಮಿಷಕ್ಕೆ 15 ಕುಣಿಕೆ ಹಾಕಿದರೂ ಹದಿನೇಳು ಗಂಟೆ ಬೇಕು. ಒಂದು ವೆಬ್ ಸೀರೀಸ್ ನೋಡೋ ಹೊತ್ತು ಅಷ್ಟೇ, ಮುಗಿದೇ ಹೋಯ್ತು ಅಂದ್ಕೊಂಡ್ವಿ.

ಹೆಣಿಗೆ ಅಂದರೇನು ಅಂತ ಇಲ್ಲಿ ಸ್ವಲ್ಪ ಹೇಳಬೇಕು, ಯಾಕಂದ್ರೆ ನಮಗೂ ಗೊತ್ತಿರಲಿಲ್ಲ. ನೇಯ್ಗೆಯಲ್ಲಿ ಹಾಸು ಒಂದು, ಹೊಕ್ಕು ಒಂದು, ಎರಡು ಗುಂಪಿನ ದಾರಗಳು ಒಂದಕ್ಕೊಂದು ಅಡ್ಡ ಹಾಯುತ್ತವೆ. ಚಳ್ಳಕೆರೆ ಕಡೆಯ ಕಂಬಳಿ ಆಗಲಿ, ನಿಮ್ಮ ಜೀನ್ಸ್ ಆಗಲಿ, ನೇಯ್ದದ್ದು. ಹೆಣಿಗೆಯಲ್ಲಿ ಇರೋದು ಒಂದೇ ದಾರ. ಇದ್ದ ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎಳೀತೀರಿ, ಅದರೊಳಗಿಂದ ಮತ್ತೊಂದು. ದಾರ ಹಿಗ್ಗದಿದ್ದರೂ ಕುಣಿಕೆಯ ಆಕಾರ ಬದಲಾಗೋದರಿಂದ ಬಟ್ಟೆ ಹಿಗ್ಗುತ್ತದೆ. ನಮ್ಮ ಫೆಸ್ಟಿನ ಟೀ-ಶರ್ಟು ಕೂಡ ಹೆಣೆದ ಬಟ್ಟೆಯೇ, ಮೆಷಿನ್ನಲ್ಲಿ. ತಿರುಪ್ಪೂರು ಹೆಸರು ಮಾಡಿರೋದೇ ಅದಕ್ಕೆ. ಇಂಥ ಮೆಷಿನ್ನು ಮೊದಲು ಕಟ್ಟಿದ್ದು ಇಂಗ್ಲೆಂಡಿನ ವಿಲಿಯಂ ಲೀ, 1589ರಲ್ಲಿ. ಸ್ಟೀಮ್ ಎಂಜಿನ್ನಿಗಿಂತ ನೂರು ವರ್ಷಕ್ಕೂ ಹಿಂದೆ.

ಒಂದೇ ದಾರ ಅನ್ನೋದರಲ್ಲೇ ಮಜಾ ಇರೋದು, ಆಪತ್ತೂ ಇರೋದು. ಪ್ರತಿ ಕುಣಿಕೆಯನ್ನೂ ಅದರ ಮೇಲಿನ ಕುಣಿಕೆ ಹಿಡಿದಿರುತ್ತದೆ. ಒಂದು ಜಾರಿದರೆ ಕೆಳಗಿನದೂ ಜಾರುತ್ತದೆ, ಅದರ ಕೆಳಗಿನದೂ. ಏಣಿ ಥರ ಒಂದು ಗೀರು ಬಿದ್ದುಬಿಡುತ್ತದೆ. ತಪ್ಪು ಎಲ್ಲಿ ಆಯಿತೋ ಅಲ್ಲೇ ಸುಮ್ಮನೆ ಕೂರಲ್ಲ.

ನಾವು ಕಲಿತದ್ದು ಎಲ್ಲಕ್ಕಿಂತ ಸುಲಭದ ಗಾರ್ಟರ್ ಹೆಣಿಗೆ. ಎಲ್ಲ ಸಾಲಿನಲ್ಲೂ ಒಂದೇ ಥರದ ನಿಟ್. ಹೊಸಬರ ಮೊದಲ ಸ್ಕಾರ್ಫಿಗೆ ಇದನ್ನೇ ಹೇಳೋದು, ಯಾಕಂದರೆ ಅಂಚು ಸುರುಳಿ ಸುತ್ತಿಕೊಳ್ಳದೆ ಬಟ್ಟೆ ಚಪ್ಪಟೆಯಾಗಿ ಕೂರುತ್ತದೆ. ಅಜ್ಜಿ ವಿಡಿಯೋ ಕಾಲಿನಲ್ಲಿ ತೋರಿಸಿಕೊಟ್ಟು ಒಂದೇ ಮಾತು ಹೇಳಿದರು, "ಸಾಲು ಮುಗಿದ ಕೂಡಲೆ ಎಣಿಸಿ." ನಾವು "ಹೂಂ ಅಜ್ಜಿ" ಅಂದು ಎಣಿಸಲಿಲ್ಲ. 30 ಅಂತ ಗೊತ್ತೇ ಇತ್ತಲ್ಲ, ಎಣಿಸೋದೇನು?

ಒಂದು ವಾರದಲ್ಲಿ 48 ಸಾಲು ಆಯಿತು. ಖುಷಿಯಲ್ಲಿ ಟೇಬಲ್ ಮೇಲೆ ಹರಡಿ ನೋಡಿದರೆ ಆಯತ ಹೋಗಿ ಟ್ರೆಪೀಜಿಯಂ ಆಗಿತ್ತು. ಎಣಿಸಿದೆವು. 37. ಏಳು ಕುಣಿಕೆ ಎಲ್ಲಿಂದ ಬಂತು? ನಾವಂತೂ ಹಾಕಿಲ್ಲ ಅಂತ ಮೂವರೂ ಆಣೆ ಮಾಡಿದೆವು.

ಈಗ ನಮ್ಮ ಮಾನದ ವಿಷಯ. ಏಳು ಜಾಸ್ತಿ ಅಂತ ಗೊತ್ತಾದ ಕೂಡಲೇ ನಮಗೆ ಹೊಳೆದದ್ದು ಒಂದೇ ಉಪಾಯ. ಅಲ್ಲಲ್ಲಿ ಎರಡೆರಡು ಕುಣಿಕೆ ಸೇರಿಸಿ ಒಂದು ಮಾಡಿ, ಮತ್ತೆ 30ಕ್ಕೆ ತಂದುಬಿಡೋದು. ಯಾಕೆ ಬಂತು ಅಂತ ಒಬ್ಬರೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಅಂದರೆ, ಲ್ಯಾಬಿನಲ್ಲಿ ನಾವು ದಿನಾ ಮಾಡೋದೇ ಇದು. ರೀಡಿಂಗ್ ಸರಿ ಬರದಿದ್ದರೆ ಸೀನಿಯರ್ ರೆಕಾರ್ಡು ತೆಗಿ. ಗ್ರಾಫ್ ಮೊದಲು ಎಳಿ, ಆಮೇಲೆ ಗ್ರಾಫಿನ ಮೇಲಿಂದ ರೀಡಿಂಗ್ ಇಳಿಸಿಕೋ. ತೀರಾ ಚೆಂದ ಬಂದರೆ ಅನುಮಾನ ಬರುತ್ತೆ ಅಂತ ಎರಡು ಪಾಯಿಂಟು ಬೇಕಂತಲೇ ಆಚೆ ಈಚೆ ಇಡೋ ಕಲಾವಿದರೂ ನಮ್ಮಲ್ಲಿದ್ದಾರೆ. ನೀವು ಹಾಗಿಲ್ಲ ಅಂದರೆ ನಿಮಗೆ ನಮಸ್ಕಾರ, ಮುಂದಿನ ಪ್ಯಾರಾ ಬಿಟ್ಟು ಓದಿ.

ಹೆಣಿಗೆಯಲ್ಲಿ ಆ ಉಪಾಯ ನಡೆಯಲಿಲ್ಲ. ಲೆಕ್ಕ 30ಕ್ಕೆ ಬಂತು ನಿಜ. ಆದರೆ ಸ್ಕಾರ್ಫು ಮೊದಲು ಸಣ್ಣ, ಮಧ್ಯ ದಪ್ಪ, ಮತ್ತೆ ಸಣ್ಣ, ಇಲಿ ನುಂಗಿದ ಕೇರೆ ಹಾವಿನ ಥರ ಬಿದ್ದಿತ್ತು. ಸಂಖ್ಯೆ ಸರಿಯಾಗಿದೆ, ವಸ್ತು ಸರಿಯಾಗಿಲ್ಲ. ರೆಕಾರ್ಡಿನಲ್ಲಿ ಸಂಖ್ಯೆ ಸರಿ ಮಾಡಿದರೆ ಸಹಿ ಬೀಳುತ್ತದೆ. ಇಲ್ಲಿ ಸಹಿ ಹಾಕೋರು ಯಾರೂ ಇಲ್ಲ, ಕುತ್ತಿಗೆಗೆ ಸುತ್ತಿಕೊಂಡವರಿಗೆ ಗೊತ್ತಾಗುತ್ತದೆ ಅಷ್ಟೇ.

ಕೊನೆಗೆ ಕೂತು ಹುಡುಕಿದೆವು. ಒಬ್ಬರು ಹೆಣೆಯೋದು, ಇಬ್ಬರು ಕಣ್ಣು ಬಿಟ್ಟು ನೋಡೋದು. ಸಾಲು ತಿರುಗಿಸಿದಾಗ ದಾರವನ್ನು ಸೂಜಿಯ ಕೆಳಗಿಂದ ಹಿಂದಕ್ಕೆ ತರಬೇಕು. ನಾವು ಸೂಜಿಯ ಮೇಲಿಂದ ಎಳೆದು ತರುತ್ತಿದ್ದೆವು. ಆಗ ಮೊದಲ ಕುಣಿಕೆ ಮೇಲೆದ್ದು ಅದರ ಎರಡು ಕಾಲೂ ಎರಡು ಕುಣಿಕೆ ಥರ ಕಾಣುತ್ತವೆ. ನಾವು ಎರಡನ್ನೂ ಬೇರೆ ಬೇರೆ ಹೆಣೆದಿದ್ದೆವು. ಅಂಥ ಪ್ರತಿ ಸಲಕ್ಕೂ ಒಂದು ಕುಣಿಕೆ ಬೋನಸ್ಸು. ಕಾರಣ ಸಿಕ್ಕಿದ ಆ ಕ್ಷಣದಲ್ಲಿ ಆದ ಖುಷಿ, ನಿಜ ಹೇಳ್ತೀವಿ, ಯಾವ ಇಂಟರ್ನಲ್ಸಿನ ಮಾರ್ಕ್ಸಿಗೂ ಆಗಿರಲಿಲ್ಲ.

ಆಮೇಲೆ ಬಿಚ್ಚಿದೆವು. ಒಂದು ವಾರದ ಕೆಲಸ ಹತ್ತು ನಿಮಿಷದಲ್ಲಿ ಸರಸರ ಅಂತ ಬಿಚ್ಚಿಕೊಂಡು ಹೋಗುತ್ತದೆ, ಹೊಟ್ಟೆ ಉರಿಯುತ್ತೆ ರೀ. ಲೆಕ್ಕ ಸರಿಯಾಗಿದ್ದ 11ನೇ ಸಾಲಿಗೆ ಬಂದು ನಿಲ್ಲಿಸಿದೆವು. ಬಿಚ್ಚಿದ ಉಣ್ಣೆ ನೂಡಲ್ಸ್ ಥರ ಗುಂಗುರು ಗುಂಗುರಾಗಿತ್ತು, ಆದರೆ ಒಂದಿಂಚೂ ಹಾಳಾಗಿರಲಿಲ್ಲ. ಅದೇ ದಾರದಲ್ಲಿ ಮತ್ತೆ ಶುರು. ಈ ಸಲ ಪ್ರತಿ ಸಾಲೂ ಎಣಿಸಿದೆವು. ಇಪ್ಪತ್ತು ಸಾಲಿಗೊಮ್ಮೆ ಬೇರೆ ಬಣ್ಣದ ತೆಳು ದಾರವೊಂದನ್ನು ಎಲ್ಲ ಕುಣಿಕೆಗಳೊಳಗೆ ತೂರಿಸಿಟ್ಟೆವು. ಮುಂದೆ ಎಡವಟ್ಟಾಗಿ ಬಿಚ್ಚಬೇಕಾಗಿ ಬಂದರೆ ಅಲ್ಲಿಗೆ ಬಂದು ನಿಲ್ಲುತ್ತದೆ. ಹೆಣೆಯೋರು ಇದಕ್ಕೆ ಲೈಫ್‌ಲೈನ್ ಅಂತಾರೆ. ಸಿ.ಎಸ್. ಗೆಳೆಯರಿಗೆ ಹೇಳಿದರೆ "ಓ, ಕಮಿಟ್" ಅಂದರು.

"ಇದು ಹೆಂಗಸರ ಕೆಲಸ" ಅಂದ ಮಹನೀಯರಿಗೂ ಎರಡು ಮಾತು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಬ್ರಿಟನ್ನಿನ ಡೈವರ್ ಟಾಮ್ ಡೇಲಿ ಚಿನ್ನ ಗೆದ್ದ ಮೇಲೆ ಗ್ಯಾಲರಿಯಲ್ಲಿ ಕೂತು ಹೆಣೆಯುತ್ತಿದ್ದದ್ದನ್ನು ಜಗತ್ತೇ ನೋಡಿತು. ಪದಕಕ್ಕೆ ಗೀರು ಬೀಳದ ಹಾಗೆ ಒಂದು ಚೀಲವನ್ನೂ ಮಾಡಿಕೊಂಡಿದ್ದರು. ಇನ್ನು ಹೆಂಗಸರ ಕೆಲಸವೇ ಆದರೆ ಏನು ಕಮ್ಮಿ? ಅಪೊಲೊ ಗಗನನೌಕೆಯ ಕಂಪ್ಯೂಟರಿನ ಪ್ರೋಗ್ರಾಮು ಇದ್ದದ್ದು ಕೋರ್ ರೋಪ್ ಮೆಮೊರಿಯಲ್ಲಿ. ಪುಟ್ಟ ಕಾಂತದ ಉಂಗುರದ ಒಳಗಿಂದ ತಂತಿ ಹಾದರೆ 1, ಹೊರಗಿಂದ ಹಾದರೆ 0. ಆ ತಂತಿಗಳನ್ನು ಸೂಜಿ ಹಿಡಿದು ಪೋಣಿಸಿದ್ದು ಅಮೆರಿಕದ ಕಾರ್ಖಾನೆಯ ಹೆಣ್ಣುಮಕ್ಕಳು. ಪೋಣಿಸಿ ಮುಗಿದ ಮೇಲೆ ತಪ್ಪು ತಿದ್ದೋದು ಬಹಳ ಕಷ್ಟ, ಅದಕ್ಕೇ ಅಲ್ಲಿ ಪರೀಕ್ಷೆ ಮೇಲೆ ಪರೀಕ್ಷೆ. ಚಂದ್ರನ ಮೇಲೆ ಇಳಿಯೋ ಹೊತ್ತಿಗೆ ಸೀನಿಯರ್ ರೆಕಾರ್ಡು ಕೆಲಸಕ್ಕೆ ಬರಲ್ಲ.

ಈಗ ಮುಖ್ಯ ವಿಷಯ. ಬಿಚ್ಚಿ ಹೆಣೆದ ಮುಂದಿನ ವಾರ ನಮಗೆ ಡಯೋಡ್ ಪ್ರಯೋಗ ಬಂತು. ವೋಲ್ಟೇಜು, ಕರೆಂಟು, ಗ್ರಾಫು. ಎಲ್ಲರಿಗೂ ಗೊತ್ತಿರೋ ವಕ್ರರೇಖೆ, ಕಣ್ಣು ಮುಚ್ಚಿ ಎಳೆಯಬಹುದು. ನಾವು ನಿಜವಾದ ರೀಡಿಂಗ್ ತಗೊಂಡೆವು. ಗ್ರಾಫು ಮೇಲೇರುತ್ತಾ ಏರುತ್ತಾ ಒಂದು ಕಡೆ ಥಟ್ಟನೆ ಎಡಕ್ಕೆ ಜಿಗಿದಿತ್ತು. ಪಕ್ಕದ ಬ್ಯಾಚಿನವರು "ಆ ಪಾಯಿಂಟು ಬಿಟ್ಹಾಕ್ರೋ" ಅಂದರು. ಬಿಡಬಹುದಿತ್ತು. ಆದರೆ ಏಳು ಕುಣಿಕೆಯ ನೆನಪು ಇನ್ನೂ ಹಸಿಯಾಗಿತ್ತು.

ಜಿಗಿತ ಬಂದದ್ದು ನಾವು ಮಲ್ಟಿಮೀಟರಿನ ಮಿಲಿಆಂಪ್ ರೇಂಜು ಬದಲಿಸಿದ ಜಾಗದಲ್ಲೇ. ನಮ್ಮ ವೋಲ್ಟ್‌ಮೀಟರು ಡಯೋಡು ಮತ್ತು ಆಂಮೀಟರು ಎರಡರ ಮೇಲೂ ಸೇರಿ ಕೂತಿತ್ತು. ಚಿಕ್ಕ ರೇಂಜಿನಲ್ಲಿ ಆಂಮೀಟರಿನ ಒಳಗಿನ ರೆಸಿಸ್ಟೆನ್ಸ್ ಜಾಸ್ತಿ, ದೊಡ್ಡ ರೇಂಜಿನಲ್ಲಿ ಕಮ್ಮಿ. ರೇಂಜು ಬದಲಿಸಿದ ಕೂಡಲೇ ಅದರ ಮೇಲೆ ಬೀಳುವ ವೋಲ್ಟೇಜು ಇಳಿದು, ಗ್ರಾಫು ಹಿಂದಕ್ಕೆ ಸರಿದಿತ್ತು. ವೋಲ್ಟ್‌ಮೀಟರನ್ನು ಬರೀ ಡಯೋಡಿನ ಮೇಲಿಟ್ಟು ಮತ್ತೆ ತೆಗೆದೆವು. ಜಿಗಿತ ಮಾಯ. ಎರಡೂ ಗ್ರಾಫನ್ನು ರೆಕಾರ್ಡಿಗೆ ಅಂಟಿಸಿ, ಮೊದಲನೆಯದು ಯಾಕೆ ಹಾಗೆ ಬಂತು ಅಂತ ನಾಲ್ಕು ಸಾಲು ಬರೆದೆವು.

ಇದನ್ನು ಓದಿ ಚಪ್ಪಾಳೆ ಬಿತ್ತು ಅಂದ್ಕೋಬೇಡಿ. ಹೊತ್ತು ಮೀರಿದ್ದರಿಂದ ಎರಡನೇ ಪ್ರಯೋಗ ಅರ್ಧಕ್ಕೇ ನಿಂತು, ಆ ದಿನ ಎರಡು ಮಾರ್ಕ್ಸ್ ಹೋಯಿತು. ಸೀನಿಯರ್ ರೆಕಾರ್ಡು ನೋಡಿ ಬರೆದ ಬ್ಯಾಚಿಗೆ ಪೂರ್ತಿ ಬಂತು. ಇನ್ನೊಂದು ಸತ್ಯ ಕೂಡ ಹೇಳಿಬಿಡ್ತೀವಿ, ಅದಾದ ಮೇಲೂ ಒಂದು ಪ್ರಯೋಗವನ್ನು ನಾವು ಕಾಪಿ ಹೊಡೆದಿದ್ದೇವೆ, ಮರುದಿನ ಇಂಟರ್ನಲ್ಸ್ ಇತ್ತು. ಸ್ಕಾರ್ಫು ಹೆಣೆದು ಹರಿಶ್ಚಂದ್ರ ಆಗಿಬಿಡಲ್ಲ. ಆದರೆ ಕಾಪಿ ಹೊಡೆಯುವಾಗ ಮೊದಲ ಸಲ ಏನೋ ಕಳ್ಕೊಳ್ತಿದೀವಿ ಅನ್ನಿಸಿತು. ಅದು ಮುಂಚೆ ಅನ್ನಿಸುತ್ತಿರಲಿಲ್ಲ.

ನಮ್ಮ ವಾದ ಇಷ್ಟೇ. ಕೊನೇ ವರ್ಷದ ಪ್ರಾಜೆಕ್ಟೇ ರೆಡಿಮೇಡ್ ಸಿಗುವ ಕಾಲದಲ್ಲಿ ನಾವು ಎಂಜಿನಿಯರುಗಳಾಗ್ತಿದೀವಿ. ತಪ್ಪು ಕಂಡರೆ ಮುಚ್ಚೋದು ನಮ್ಮ ಕೈಗೆ ಅಭ್ಯಾಸ ಆಗಿಹೋಗಿದೆ. ಇದು ಬರೀ ಸೋಮಾರಿತನ ಅಂತ ನಾವು ಒಪ್ಪಲ್ಲ. ವಾರಕ್ಕೊಂದು ಲ್ಯಾಬು, ಎರಡು ಗಂಟೆ, ಸರಿಯಾದ ಉತ್ತರಕ್ಕೆ ಮಾತ್ರ ಮಾರ್ಕ್ಸ್ ಅಂದರೆ, ತಪ್ಪನ್ನು ಬಿಚ್ಚಿ ನೋಡೋಕೆ ಪುರಸೊತ್ತೆಲ್ಲಿ? ಅದಕ್ಕೇ ಕಾಲೇಜಿಗೂ ಒಂದು ವಿನಂತಿ. ಸೆಮಿಸ್ಟರಿನಲ್ಲಿ ಒಂದೇ ಒಂದು ಪ್ರಯೋಗಕ್ಕೆ, ರೀಡಿಂಗ್ ಹೇಗೆ ಬಂದರೂ ಸರಿ, ಯಾಕೆ ಹಾಗೆ ಬಂತು ಅನ್ನೋದಕ್ಕೆ ಮಾರ್ಕ್ಸ್ ಕೊಡಿ. ಅಷ್ಟು ಮಾಡಿದರೆ ಸೀನಿಯರ್ ರೆಕಾರ್ಡಿನ ಅರ್ಧ ಬೆಲೆ ತಾನಾಗಿ ಇಳಿಯುತ್ತದೆ.

ಗೆಳೆಯರಿಗೆ ಹೇಳೋದು, ತಪ್ಪಿದರೆ ತಪ್ಪು ಅಂತ ತೋರಿಸುವ, ಬಿಚ್ಚಿದರೆ ಮತ್ತೆ ಶುರು ಮಾಡೋಕೆ ಬಿಡುವ ಒಂದು ಕೆಲಸವನ್ನು ಕೈಯಲ್ಲಿ ಮಾಡಿ. ಹೆಣಿಗೆಯೇ ಆಗಬೇಕಂತಿಲ್ಲ. ಸೋಲ್ಡರಿಂಗ್ ಇರಬಹುದು, ರೊಟ್ಟಿ ತಟ್ಟೋದಿರಬಹುದು. ಹೆಣಿಗೆಯೇ ಬೇಕು ಅನ್ನೋರು ಬುಧವಾರ ಸಂಜೆ ಐದಕ್ಕೆ ಕ್ಯಾಂಟೀನಿನ ಮೂಲೆ ಟೇಬಲ್ಲಿಗೆ ಬನ್ನಿ. ಒಂದು ಜೊತೆ ಸೂಜಿ, ಉಳಿದ ಉಣ್ಣೆ ನಾವು ಕೊಡ್ತೀವಿ. ಟೀ ನಿಮ್ಮದು.

ಸ್ಕಾರ್ಫು ಮುಗಿಯಿತು. ಎಸ್ಟಿಮೇಟ್ ಹದಿನೇಳು ಗಂಟೆ, ಹಿಡಿದದ್ದು ಅದರ ಎರಡರಷ್ಟು. ಒಬ್ಬರ ಕೈ ಬಿಗಿ, ಒಬ್ಬರದ್ದು ಸಡಿಲ, ಇನ್ನೊಬ್ಬರದ್ದು ಮೂಡಿಗೆ ತಕ್ಕ ಹಾಗೆ, ಹಾಗಾಗಿ ಯಾವ ಭಾಗ ಯಾರು ಹೆಣೆದದ್ದು ಅಂತ ದೂರದಿಂದಲೇ ಗೊತ್ತಾಗುತ್ತದೆ. ಅಜ್ಜಿಗೆ ಫೋಟೋ ಕಳಿಸಿದೆವು. "ಮಧ್ಯೆ ಒಂದು ಕುಣಿಕೆ ತಪ್ಪಿದೆ ನೋಡಿ" ಅಂದರು. ಎಣಿಸಿದೆವು. ತಪ್ಪಿತ್ತು. 212ನೇ ಸಾಲು.

ಈ ಸಲ ಬಿಚ್ಚಲಿಲ್ಲ, ಚಳಿ ಶುರುವಾಗಿತ್ತು. ಆದರೆ ಎಲ್ಲಿದೆ, ಯಾಕೆ ಬಂತು ಅಂತ ನಮಗೆ ಗೊತ್ತು.